ಹಿಂದಿನ ಸಾಲಿಗೆ ಇಳಿದ ಮಹಾರಾಜ

ನೀವು ನಡೆಸುವ ಸಂಸ್ಥೆಯ ಬಾಗಿಲನ್ನು, ನಿಮ್ಮ ಗುರುತೇ ಇಲ್ಲದ ಒಬ್ಬ ಪರಕೀಯನಂತೆ, ಹೊರಗಿನಿಂದ ನೀವೇ ಎಂದಾದರೂ ತಟ್ಟಿ ನೋಡಿದ್ದೀರಾ?

ಒಳಗೆ ದೀಪ ಉರಿಯುತ್ತಿದೆ, ಕುರ್ಚಿಯಲ್ಲಿ ಜನ ಕುಳಿತಿದ್ದಾರೆ, ಗೋಡೆಯ ಮೇಲೆ ಧ್ಯೇಯವಾಕ್ಯ ತೂಗುತ್ತಿದೆ. ಆದ್ದರಿಂದ ಬಾಗಿಲು ತೆರೆದೇ ಇದೆ ಎನ್ನುವುದು ಒಳಗಿರುವವರಿಗೆ ಅನುಕೂಲವಾದ ತರ್ಕ. ಇಂಥ ತರ್ಕಗಳಿಗೆ ನಾನು ಕಾಲೇಜಿನಲ್ಲಿ ಬಹುಮಾನ ಪಡೆದವನು. ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯದ ಪರವಾಗಿಯೂ ವಿರುದ್ಧವಾಗಿಯೂ ಮಾತಾಡಿ ಗೆದ್ದ ನಾಲಗೆ ನನ್ನದು. ಆ ನಾಲಗೆಗೆ ನಾಚಿಕೆಯೆಂಬುದನ್ನು ಕಲಿಸಿದವರೊಬ್ಬರು ಈಚೆಗೆ ತೀರಿಕೊಂಡರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಮಾಟುಂಗದ ಹಳಬರು "ಓಹೋ, ನಮ್ಮ ನಾಟಕದ ಮನುಷ್ಯ" ಎಂದು ಪ್ರೀತಿಯಿಂದ ನಕ್ಕು ಪುಟ ಮಗುಚಿಬಿಟ್ಟಾರು. ಅಲ್ಲಿಯ ನಮ್ಮ ಕನ್ನಡ ಸಂಘದಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು "ಮಹಾರಾಜ್" ಎಂದು. ಪ್ರತಿವರ್ಷದ ನಾಟಕದಲ್ಲಿ ಯಾವ ರಾಜನಿದ್ದರೂ ಆ ರಾಜ ಅವರೇ. ರಾಜನಿಲ್ಲದ ಸಾಮಾಜಿಕ ನಾಟಕವನ್ನು ಆರಿಸಿದ ವರ್ಷ ಅವರು ಜಮೀನ್ದಾರರಾಗಿದ್ದರು; ಆ ಜಮೀನ್ದಾರ ಕೂಡ ಕಿರೀಟವೊಂದಿಲ್ಲದ ರಾಜನೇ ಆಗಿದ್ದ.

ಊರು ಮೈಸೂರಿನ ಕಡೆ. ಕೆಲಸ ಕೋಟೆ ಪ್ರದೇಶದ ಒಂದು ಬ್ಯಾಂಕಿನಲ್ಲಿ, ಮನೆ ವಡಾಲದ ಕಾಲೊನಿಯೊಂದರ ಎರಡನೆಯ ಮಹಡಿಯಲ್ಲಿ. ಎತ್ತರ ಸಾಧಾರಣ, ಆದರೆ ಹಾರ್ಬರ್ ಲೈನಿನ ಲೋಕಲ್ ರೈಲಿನ ನೂಕುನುಗ್ಗಲಿನಲ್ಲೂ ಕತ್ತು ನೆಟ್ಟಗಿಟ್ಟು ನಿಲ್ಲುತ್ತಿದ್ದ ರೀತಿಯಿಂದ ಎತ್ತರದವರೆಂಬ ಭ್ರಮೆ ಹುಟ್ಟುತ್ತಿತ್ತು. ನಾಟಕದ ತಿಂಗಳಲ್ಲಿ ಲೋಕಲ್‌ನಲ್ಲೇ ಅವರ ತಾಲೀಮು. ಒಮ್ಮೆ ಅವರು "ಎಲವೋ ದ್ರೋಹಿ!" ಎಂದು ಗರ್ಜಿಸಿದಾಗ ಎದುರು ಕುಳಿತಿದ್ದ ಗುಜರಾತಿ ಸೇಟು ಗಾಬರಿಯಾಗಿ ಎದ್ದು ಜಾಗ ಬಿಟ್ಟುಕೊಟ್ಟರಂತೆ. "ಸೀಟ್ ಸಿಕ್ತು ಬಿಡಿ, ಖಾಲಿಪೀಲಿ ನಾಟಕ ಅಂತ ಬಯ್ಯೋವ್ರಿಗೆ ಇದು ಉತ್ತರ" ಎಂದು ಉಡುಪಿ ಹೋಟೆಲಿನಲ್ಲಿ ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸುತ್ತ ಹೇಳಿದ್ದರು. ಹೊಗಳಿಕೆಯೆಂದರೆ ಅವರಿಗೆ ಪ್ರಾಣ. ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ನಾಟಕದ ಮರುದಿನ ಸಂಘಕ್ಕೆ ಬಂದು, ಪತ್ರಿಕೆ ಓದುವವರ ನಡುವೆ ಸುಮ್ಮನೆ ಕೆಮ್ಮುತ್ತ ಓಡಾಡುವರು. ಯಾರಾದರೂ ತಲೆಯೆತ್ತಿ "ನಿನ್ನೆ ಚೆನ್ನಾಗಿತ್ತು ಮಹಾರಾಜ್" ಅನ್ನುವವರೆಗೂ ಕೆಮ್ಮು ನಿಲ್ಲದು.

ಇಷ್ಟು ಹಮ್ಮಿನ ಮನುಷ್ಯನಲ್ಲಿ ಒಂದು ವಿಚಿತ್ರ ಪದ್ಧತಿಯಿತ್ತು. ಪರದೆ ಏಳುವ ಮುಂಚೆ, ಸಭಾಂಗಣ ಇನ್ನೂ ಖಾಲಿಯಿರುವಾಗ, ಬೇರೊಬ್ಬನನ್ನು ರಂಗದ ಮೇಲೆ ನಿಲ್ಲಿಸಿ ತಮ್ಮ ಮಾತನ್ನು ಹೇಳಿಸುವರು. ತಾವು ಹೋಗಿ ಕಟ್ಟಕಡೆಯ ಸಾಲಿನ ಮೂಲೆಯಲ್ಲಿ, ಕಟಕಟ ಸದ್ದು ಮಾಡುವ ಫ್ಯಾನಿನ ಕೆಳಗೆ, ಕಣ್ಣು ಮುಚ್ಚಿ ಕೂರುವರು. ಅಲ್ಲಿಗೆ ಕೇಳಿಸದ ಮಾತನ್ನು ಅವರು ಒಪ್ಪುತ್ತಿರಲಿಲ್ಲ. "ಚಪ್ಪಾಳೆ ಬರೋದು ಮುಂದಿನ ಸಾಲಿಂದ. ನಾಟಕ ಕೇಳಿಸ್ತೋ ಇಲ್ವೋ ಅನ್ನೋದು ಹಿಂದಿನ ಸಾಲಿಗೆ ಮಾತ್ರ ಗೊತ್ತು" ಎನ್ನುವರು. ಇದನ್ನು ನಾನು ನಾಟಕದ ಮಾತೆಂದಷ್ಟೇ ತಿಳಿದಿದ್ದೆ.

ಆ ದಿನಗಳಲ್ಲಿ ನಾನು ಸಂಘದ ಕಾರ್ಯದರ್ಶಿ. ಸಂಘವೆಂದರೆ ನಾಟಕ ಮತ್ತು ಕೋಸಂಬರಿ ಎಂಬ ಹೆಸರನ್ನು ತೊಡೆದುಹಾಕಬೇಕೆಂಬ ಹಟ ನನಗೆ. ಪರೇಲ್ ಕಡೆಯ ದೊಡ್ಡ ಆಸ್ಪತ್ರೆಗೆ ನಮ್ಮ ಉತ್ತರದ ಜಿಲ್ಲೆಗಳಿಂದ ರೋಗಿಗಳು ಬರುತ್ತಿದ್ದರು. ಕಟ್ಟಡಗಳ ಕೆಲಸಕ್ಕೆಂದು ಬಂದು ಭಾಂಡುಪ್‌ನ ಜೋಪಡಿಗಳಲ್ಲಿ ನೆಲೆಸಿದವರೂ ಬರುತ್ತಿದ್ದರು. ಹಿಂದಿ ಬಾರದು, ಮರಾಠಿ ಬಾರದು. ಡಾಕ್ಟರು ಹೇಳಿದ್ದು ಇವರಿಗೆ ತಿಳಿಯದು, ಇವರು ಹೇಳಿದ್ದು ಡಾಕ್ಟರಿಗೆ ತಿಳಿಯದು. ಅಂಥವರು ಸಂಘಕ್ಕೆ ಫೋನು ಮಾಡಿದರೆ ನಮ್ಮಲ್ಲೊಬ್ಬರು ಆಸ್ಪತ್ರೆಗೆ ಹೋಗಿ ಎರಡು ಕಡೆಯ ಮಾತನ್ನೂ ದಾಟಿಸಬೇಕು. ಇದು ನನ್ನ ಯೋಜನೆ. ಸಂಜೆಯ ಹೊತ್ತು ಮತ್ತು ಭಾನುವಾರಗಳಂದು ಸ್ವಯಂಸೇವಕರು ಫೋನಿನ ಮುಂದೆ ಕೂರುವುದೆಂದು ಗೊತ್ತಾಯಿತು. ಆಸ್ಪತ್ರೆಯ ಗೇಟಿನ ಪಕ್ಕದ ಗೋಡೆಯ ಮೇಲೆ, ನಾಣ್ಯ ಹಾಕಿ ಮಾತಾಡುವ ಕೆಂಪು ಫೋನ್ ಡಬ್ಬಿಯ ಹತ್ತಿರವೇ, ಕನ್ನಡದಲ್ಲಿ ನಮ್ಮ ನಂಬರನ್ನು ಬರೆಸಿದೆ. ಸಂಘದ ಫೋನಿನ ಮೇಲುಗಡೆ ನನ್ನ ಕೈಬರಹದ ಒಂದು ಸೂಚನೆಯನ್ನೂ ಅಂಟಿಸಿದೆ: "ಎರಡು ಸಲ ಹಲೋ ಎನ್ನಿ. ಉತ್ತರ ಬಾರದಿದ್ದರೆ ಇಟ್ಟುಬಿಡಿ. ಕಷ್ಟದಲ್ಲಿರುವ ಇನ್ನೊಬ್ಬರು ಲೈನಿಗಾಗಿ ಕಾಯುತ್ತಿರಬಹುದು." ಕ್ರಾಸ್ ಕನೆಕ್ಷನ್ನು, ರಾಂಗ್ ನಂಬರು, ಹುಡುಗಾಟದ ಫೋನುಗಳು ಹೇರಳವಾಗಿದ್ದ ಕಾಲ ಅದು. ಆ ಸೂಚನೆಯನ್ನು ಬರೆದಾಗ ನನ್ನ ಕಣ್ಣು ತೇವಗೊಂಡಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಕೆಲವು ವಾರ ಕಳೆದ ಮೇಲೆ ಮಹಾರಾಜರು ಕೇಳಿದರು: "ಸೆಕ್ರೆಟರಿಗಳೇ, ಫೋನ್ ಸರಿಯಾಗಿ ಎತ್ತುತಾರೆ ಅಂತ ನಿಮಗೆ ಹೆಂಗೆ ಗೊತ್ತು?"

"ಯಾರೂ ದೂರು ಕೊಟ್ಟಿಲ್ಲವಲ್ಲ ಸಾರ್."

"ಅರೆ! ದೂರು ಕೊಡೋಕೆ ಅವರು ಯಾವ ನಂಬರ್‌ಗೆ ಫೋನ್ ಮಾಡ್ಬೇಕು? ಇದಕ್ಕೇ ತಾನೆ?"

ಅವರ ಸಲಹೆ ಸರಳವಾಗಿತ್ತು. ವಾರಕ್ಕೊಂದೆರಡು ಸಲ, ಯಾರಿಗೂ ತಿಳಿಸದೆ, ತಾವೇ ಕಷ್ಟದಲ್ಲಿರುವವರಂತೆ ಫೋನು ಮಾಡುತ್ತಾರೆ. ಎಷ್ಟು ಬೇಗ ಎತ್ತುತ್ತಾರೆ, ಹೇಗೆ ಮಾತಾಡಿಸುತ್ತಾರೆ ಎಂದು ನನಗೆ ಹೇಳುತ್ತಾರೆ. ನಾನು ನೀತಿಯ ಪ್ರಶ್ನೆ ಎತ್ತಿದೆ. ಸುಳ್ಳಿನ ಮೇಲೆ ಸೇವೆಯನ್ನು ನಿಲ್ಲಿಸಬಹುದೇ, ನಮ್ಮವರನ್ನು ನಾವೇ ಶಂಕಿಸಬಹುದೇ ಎಂದೆಲ್ಲ ಬಹಳ ಹೊತ್ತು ಮಾತಾಡಿದೆ. ಅವರು ವಡೆಯನ್ನು ಪೂರ್ತಿ ತಿಂದು ಮುಗಿಸಿ, "ರಾಜ ಮಾರುವೇಷದಲ್ಲಿ ಊರು ಸುತ್ತುತಿರ್ಲಿಲ್ವೇ? ಅದನ್ನ ಯಾರಾದ್ರೂ ಸುಳ್ಳು ಅಂದಿದಾರಾ?" ಎಂದರು. ಪಾತ್ರ ಸಿಕ್ಕಿದ ಸಂತೋಷ ಆಗಲೇ ಅವರ ಮುಖದಲ್ಲಿ ಕುಣಿಯುತ್ತಿತ್ತು. ನಾನು ಒಪ್ಪಿಕೊಂಡೆ.

ಸಂಜೆ ಕೆಲಸ ಮುಗಿದ ಮೇಲೆ ಬ್ಯಾಂಕಿನ ತಮ್ಮ ಮೇಜಿನ ಫೋನಿನಿಂದ ಅವರು ಒಮ್ಮೆ ಮುದುಕ, ಒಮ್ಮೆ ಕೂಲಿಯವನು, ಒಮ್ಮೆ ಹಳ್ಳಿಯ ಗೌಡನಾಗಿ ಕರೆದರು. ಫಲಿತಾಂಶ ನಿಷ್ಕಳಂಕವಾಗಿತ್ತು. "ತಕ್ಷಣ ಎತ್ತಿದ್ರು. ಎಂಥ ವಿನಯ ಅಂತೀರಿ! ನೀರು ಕುಡಿದ್ರಾ, ಊಟ ಆಯ್ತಾ ಅಂತೆಲ್ಲ ಕೇಳಿದ್ರು" ಎಂದು ವರದಿ ಒಪ್ಪಿಸುವರು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಒಂದು ಸಲವೂ ಲೋಪವಿಲ್ಲ.

ವಾರ್ಷಿಕೋತ್ಸವದ ಸಂಜೆ ನಾನು ಇದನ್ನೇ ವೇದಿಕೆಯಿಂದ ಹೇಳಿದೆ. ಆ ವರ್ಷ ಭಾಂಡುಪ್‌ನ ಕೂಲಿಗಾರ ಕುಟುಂಬಗಳನ್ನೂ ಕರೆದಿದ್ದೆವು. ಅವರನ್ನು ಹಿಂದಿನ ಸಾಲುಗಳಲ್ಲಿ ಕೂರಿಸಿದ್ದೆವು. ರಂಗದ ಪಕ್ಕದ ಕೋಣೆಯಲ್ಲಿ ಮಹಾರಾಜರು ಕಿರೀಟ, ಭುಜಕೀರ್ತಿ, ಮೀಸೆ ಎಲ್ಲ ಧರಿಸಿ ನಾಟಕಕ್ಕೆ ಸಿದ್ಧರಾಗಿದ್ದರು. "ಕಷ್ಟದಲ್ಲಿರುವ ಯಾವ ಕನ್ನಡಿಗನ ಕರೆಯೂ ಈ ಸಂಘದಲ್ಲಿ ಉತ್ತರವಿಲ್ಲದೆ ಹೋಗಿಲ್ಲ. ಇದು ನಂಬಿಕೆಯಲ್ಲ, ನಾವು ಪರೀಕ್ಷಿಸಿ ಕಂಡ ಸತ್ಯ" ಎಂದೆ. ಮುಂದಿನ ಸಾಲು ಚಪ್ಪಾಳೆ ತಟ್ಟಿತು.

ಹಿಂದಿನಿಂದ ಒಬ್ಬರು ಎದ್ದು ನಿಂತರು. ಸುಣ್ಣಬಣ್ಣದ ಕೆಲಸ ಮಾಡುವ, ವಿಜಾಪುರದ ಕಡೆಯ ಯಲ್ಲಪ್ಪ ಎಂಬುವರು ಎಂದು ನನಗೆ ಆಮೇಲೆ ತಿಳಿಯಿತು.

"ನಾ ಹಚ್ಚಿದ್ನಿರಿ ಫೋನ" ಎಂದರು. "ಹ್ವಾದ ವರ್ಷ. ನಮ್ಮ ಮನಿಯಾಕಿ ಕಣ್ಣ ತೋರ್ಸಾಕ ಹೋದಾಗ. ಎರಡ ಸಲ ಹಚ್ಚಿದ್ನಿ. ನೀವು ಎತ್ತಿದ್ರಿ, ಹಲೋ ಅಂದ್ರಿ, ನಾ ಮಾತಾಡೂದ್ರಾಗ ಇಟ್ಟಬಿಟ್ರಿ."

ಸಭೆ ತಿರುಗಿ ನೋಡಿತು. ನಾನೇನು ಮಾಡಬಹುದಿತ್ತು? ಕೆಳಗಿಳಿದು ಹೋಗಿ ಕೇಳಬಹುದಿತ್ತು. ಆದರೆ ನನ್ನ ಕೈಯಲ್ಲಿ ಮೈಕಿತ್ತು, ಮೈಯಲ್ಲಿ ಚರ್ಚಾಸ್ಪರ್ಧೆಯ ಹಳೆಯ ಬಿಸಿ ಏರಿತ್ತು. "ಫೋನು ಎತ್ತಿದೆವು ಎಂದು ನೀನೇ ಒಪ್ಪುತ್ತೀಯ. ಹಲೋ ಎಂದೆವು ಎಂದೂ ನೀನೇ ಒಪ್ಪುತ್ತೀಯ. ಹಾಗಾದರೆ ಮಾತಾಡದೆ ಇದ್ದವರು ಯಾರಪ್ಪ, ನಾವೋ ನೀನೋ?" ಎಂದೆ.

ಸಭಾಂಗಣ ಗೊಳ್ಳೆಂದು ನಕ್ಕಿತು. ಚಪ್ಪಾಳೆ ಇನ್ನೊಮ್ಮೆ ಬಿತ್ತು, ಮೊದಲಿಗಿಂತ ಜೋರಾಗಿ. ಯಲ್ಲಪ್ಪನವರು ತಾವೂ ಸ್ವಲ್ಪ ನಕ್ಕು, ಹೆಗಲ ಮೇಲಿನ ಟವೆಲನ್ನು ಸರಿಮಾಡಿಕೊಂಡು ಕುಳಿತರು. ತನ್ನ ಮೇಲೆ ಬಿದ್ದ ನಗೆಯಲ್ಲಿ ತಾನೂ ಸೇರಿಕೊಂಡರೆ ಅದು ಬೇಗ ಮುಗಿಯುತ್ತದೆ ಎಂದು ಬಲ್ಲವರ ನಗು ಅದು. ಅಲ್ಲಿ ಕುಳಿತವರಲ್ಲಿ ಅನೇಕರು ಆ ಸಂಜೆಯನ್ನು ಮರೆತಿದ್ದಾರೆ. ನನಗೆ ಆ ನಗು ಇವತ್ತಿಗೂ ಕಾಣಿಸುತ್ತದೆ.

ಆಗ ಪಕ್ಕದ ಕೋಣೆಯಿಂದ ಕಿರೀಟಧಾರಿ ಮಹಾರಾಜರು ರಂಗಕ್ಕೆ ಬಂದರು. ನಾಟಕವೇ ಶುರುವಾಯಿತೆಂದು ಮಕ್ಕಳು ಸಿಳ್ಳೆ ಹಾಕಿದರು. ಅವರು ನನ್ನನ್ನು ನೋಡಲಿಲ್ಲ. ಮೆಟ್ಟಿಲಿಳಿದು, ನಡುವಿನ ದಾರಿಯಲ್ಲಿ ಜರಿಯ ಉತ್ತರೀಯವನ್ನು ನೆಲದ ಮೇಲೆ ಎಳೆದುಕೊಂಡೇ ಹಿಂದಿನ ಸಾಲಿನವರೆಗೆ ನಡೆದು, ಯಲ್ಲಪ್ಪನವರ ಪಕ್ಕದ ಕುರ್ಚಿಯಲ್ಲಿ ಕುಳಿತರು.

"ಯಾವ ಫೋನಿಂದ ಮಾಡಿದ್ರಿ?" ಎಂದು ಕೇಳಿದರು.

"ಗೇಟಿನ ಬಾಜೂಕ ಇರೂ ಕೆಂಪ ಡಬ್ಬಿಯಿಂದ್ರಿ, ಮಹಾರಾಜ್ರ" ಎಂದರು ಯಲ್ಲಪ್ಪನವರು. ವೇಷಕ್ಕೆ ತಕ್ಕ ಸಂಬೋಧನೆ ಅದು, ಕುಚೋದ್ಯವೇನೂ ಇರಲಿಲ್ಲ.

ನಾಟಕ ತಡವಾಗಿ ಆರಂಭವಾಯಿತು. ಮಹಾರಾಜರು ಆವತ್ತು ಮಾತು ತಪ್ಪಿದರು. ಮರುದಿನ ಕೆಮ್ಮಲಿಕ್ಕೆ ಬರಲಿಲ್ಲ.

ಬದಲಿಗೆ ಬೆಳಿಗ್ಗೆಯೇ ನನ್ನನ್ನು ಸಂಘದ ಫೋನಿನ ಮುಂದೆ ಕೂರಿಸಿ, ತಾವು ಪರೇಲಿಗೆ ಹೋದರು. "ನಿಮ್ಮ ನಿಯಮ ಏನಿದೆಯೋ ಹಂಗೇ ಮಾಡಿ" ಎಂದಷ್ಟೇ ಹೇಳಿದ್ದರು. ಫೋನು ಬಡಿಯಿತು. ಎತ್ತಿದೆ. "ಹಲೋ" ಎಂದೆ. ನಿಶ್ಶಬ್ದ. "ಹಲೋ?" ನಿಶ್ಶಬ್ದ. ಸತ್ತ ಲೈನು. ಅವರ ಕರೆಗೆ ದಾರಿ ಬಿಡಬೇಕೆಂದು ಇಟ್ಟುಬಿಟ್ಟೆ. ಸ್ವಲ್ಪ ಹೊತ್ತಿಗೆ ಮತ್ತೆ ಬಡಿಯಿತು, ಮತ್ತೆ ಹಾಗೇ ಆಯಿತು, ಮತ್ತೆ ಇಟ್ಟೆ. ಮಹಾರಾಜರು ಕರೆ ಮಾಡಲೇ ಇಲ್ಲವೆಂದು ಬೇಸರಪಡುತ್ತ ಕುಳಿತಿರುವಾಗ ಅವರೇ ಬೆವರು ಒರೆಸುತ್ತ ಬಂದರು.

"ಎರಡು ಸಲವೂ ನಾನೇ ಕಣ್ರೀ" ಎಂದರು.

ಆ ಡಬ್ಬಿಯ ಕ್ರಮವನ್ನು ವಿವರಿಸಿದರು. ನಂಬರು ತಿರುಗಿಸಬೇಕು. ಆ ಕಡೆಯವರು ಎತ್ತಿದ ಮೇಲೆ ಪೀ ಪೀ ಸದ್ದಾಗುತ್ತದೆ. ಆಗ ನಾಣ್ಯ ಹಾಕಬೇಕು. ನಾಣ್ಯ ಒಳಗೆ ಬೀಳುವ ತನಕ ಆ ಕಡೆಯವರ ಹಲೋ ನಮಗೆ ಕೇಳುತ್ತದೆ, ನಮ್ಮ ದನಿ ಅವರಿಗೆ ಕೇಳುವುದಿಲ್ಲ. ಬಾಯಿ ಸವೆದ ಹಳೆಯ ಡಬ್ಬಿ ಅದು. ನಾಣ್ಯ ಸಿಕ್ಕಿಕೊಳ್ಳುತ್ತದೆ, ಹೆಬ್ಬೆರಳಿನಿಂದ ಒತ್ತಿ, ಅಂಗೈಯಿಂದ ಗುದ್ದಬೇಕು. ಅಷ್ಟರಲ್ಲಿ ನಾವು ಎರಡು ಹಲೋ ಮುಗಿಸಿ, ಇನ್ನೊಬ್ಬ ಕಷ್ಟದಲ್ಲಿರುವವನಿಗಾಗಿ ಲೈನು ಬಿಟ್ಟುಕೊಟ್ಟಿರುತ್ತೇವೆ.

ಆಸ್ಪತ್ರೆಯ ಗೇಟಿನಲ್ಲಿ ನಿಂತವನ ಬಳಿ ಬ್ಯಾಂಕಿನ ಮೇಜಿನ ಫೋನು ಇರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಮಾರುವೇಷದ ರಾಜ ಅರಮನೆಯ ಕಿಟಕಿಯಿಂದಲೇ ಊರು ಸುತ್ತಿದ್ದ.

ಅವರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಅದೇ ಸಂಜೆ ಬಿತ್ತು. ನಮ್ಮ ಸ್ವಯಂಸೇವಕಿ, ವಡಾಲದ ಶಾಲೆಯೊಂದರಲ್ಲಿ ಟೀಚರಾಗಿದ್ದ ವಿಮಲಾ, ಸಂಗತಿ ಕೇಳಿದ ಮೇಲೆ ಹೇಳಿದಳು: "ಸಾರ್, ಬೇಜಾರು ಮಾಡ್ಕೋಬೇಡಿ. ಆ ಫೋನೆಲ್ಲ ನಿಮ್ಮದೇ ಅಂತ ನಮಗೆ ಮೊದಲ ದಿನವೇ ಗೊತ್ತಾಗಿತ್ತು."

"ಹೆಂಗೆ?"

"'ಅಮ್ಮಾ, ತಾಯೀ, ದಿಕ್ಕಿಲ್ಲದ ಪರದೇಶಿ ನಾನು' ಅಂತ ಫೋನಲ್ಲಿ ಯಾರು ಸಾರ್ ಅಂತಾರೆ? ನಿಮಗೆ ಬೇಜಾರಾಗ್ಬಾರ್ದು ಅಂತ ನಾವೂ ಚೆನ್ನಾಗಿ ಮಾತಾಡ್ತಿದ್ವಿ. 'ಮಹಾರಾಜ್ರ ಫೋನು, ಊಟ ಆಯ್ತಾ ಕೇಳು' ಅಂತ ಒಬ್ಬರಿಗೊಬ್ಬರು ಹೇಳ್ಕೊತಿದ್ವಿ."

ನಮ್ಮ ಸಂಘದಲ್ಲಿ ಮಾತ್ರ ಸಾಧ್ಯವಾದ ತಪ್ಪು ಇದು. ಯಾರೂ ಯಾರನ್ನೂ ವಂಚಿಸಲಿಲ್ಲ; ಎಲ್ಲರೂ ಹಿರಿಯರೊಬ್ಬರ ಮನಸ್ಸು ನೋಯಿಸದೆ ಇದ್ದರು, ಅಷ್ಟೆ. ಅವರ ಪರೀಕ್ಷೆ ಅಳೆದದ್ದು ಮಹಾರಾಜರ ಮೇಲೆ ನಮಗಿದ್ದ ಪ್ರೀತಿಯನ್ನು. ನಾನು ಅದನ್ನು ಬಡವರ ಮೇಲಿನ ಪ್ರೀತಿಯೆಂದು ಮೈಕಿನಲ್ಲಿ ಸಾರಿದೆ.

ಮಹಾರಾಜರು ವಿಮಲಾಳನ್ನು ಗದರಲಿಲ್ಲ. "ನನ್ನ ಬಡವ ಅಷ್ಟು ಕೆಟ್ಟದಾಗಿದ್ದನಾ?" ಎಂದು ಮಾತ್ರ ಕೇಳಿದರು. ಮರುದಿನ ಅವರು ಸೀಮೆಎಣ್ಣೆಯನ್ನೂ ಒಂದು ಚಿಂದಿಯನ್ನೂ ತೆಗೆದುಕೊಂಡು ಹೋಗಿ ಆಸ್ಪತ್ರೆಯ ಗೋಡೆಯ ಮೇಲಿನ ನಮ್ಮ ನಂಬರನ್ನು ಉಜ್ಜಿ ಅಳಿಸಿದರು.

ಇದಕ್ಕಾಗಿ ಅವರೊಡನೆ ನಾನು ಜಗಳವಾಡಿದೆ. ನಿಯಮವನ್ನು ಬದಲಿಸಿದ್ದೇವಲ್ಲ, ಇನ್ನು ಮೇಲೆ ನಿಶ್ಶಬ್ದವಿದ್ದರೂ ಫೋನು ಹಿಡಿದೇ ಇರಬೇಕೆಂದು ಬರೆದು ಅಂಟಿಸಿದ್ದೇನಲ್ಲ ಎಂದೆ. "ಬರೆದು ಅಂಟಿಸೋದು ನಿಮಗೆ ಬರುತ್ತೆ, ಅದರಲ್ಲಿ ಎರಡು ಮಾತಿಲ್ಲ" ಎಂದರು. "ಆದ್ರೆ ಎತ್ತದೇ ಇರೋ ನಂಬರ್ ಗೋಡೆ ಮೇಲೆ ಇರೋದಕ್ಕಿಂತ ಖಾಲಿ ಗೋಡೆ ವಾಸಿ. ನಂಬರ್ ಇಲ್ಲದಿದ್ರೆ ಆ ಮನುಷ್ಯ ಪಕ್ಕದವರನ್ನಾದ್ರೂ ಕೇಳ್ತಿದ್ದ. ನಮ್ಮನ್ನ ನಂಬಿ ನಿಂತ. ನಿಂತು ಕೆಟ್ಟ." ಎತ್ತುತ್ತಾರೆ ಎಂದು ತಮಗೆ ಖಾತ್ರಿಯಾಗುವವರೆಗೂ ನಂಬರು ಮತ್ತೆ ಗೋಡೆ ಏರುವುದಿಲ್ಲ ಎಂದರು. ಅಲ್ಲಿಯತನಕ ಅಲ್ಲಿಗೆ ಬರುವವರ ಗತಿಯೇನು ಎಂಬ ನನ್ನ ಪ್ರಶ್ನೆಗೆ, ಪ್ರತಿ ಶನಿವಾರ ಮಧ್ಯಾಹ್ನ ಬ್ಯಾಂಕು ಮುಗಿದ ಮೇಲೆ ತಾವೇ ಹೋಗಿ ಗೇಟಿನಲ್ಲಿ ಕೂರುವುದಾಗಿ ಹೇಳಿದರು. ವಾರದ ಉಳಿದ ದಿನ ಗೇಟು ಖಾಲಿಯೇ ಉಳಿಯಿತು.

ಯಲ್ಲಪ್ಪನವರ ಮನೆಗೂ ನನ್ನನ್ನು ಎಳೆದುಕೊಂಡು ಹೋದರು. ಭಾಂಡುಪ್‌ಗೆ ಹೋಗುವ ಗಾಡಿಯಲ್ಲಿ ನಾನು ಕ್ಷಮಾಪಣೆಯ ವಾಕ್ಯಗಳನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಗುಡ್ಡದ ಬದಿಯ ತಗಡಿನ ಮನೆ. ಯಲ್ಲಪ್ಪನವರ ಹೆಂಡತಿ ಹನುಮವ್ವ ಚಹಾ ತಂದುಕೊಟ್ಟರು. ಲೋಟವನ್ನು ಕೆಳಗಿಡುವ ಮುಂಚೆ ಎಡಗೈಯಿಂದ ನೆಲವನ್ನು ಮುಟ್ಟಿ ನೋಡಿ ಇಟ್ಟರು. ಅವರ ಒಂದು ಕಣ್ಣು ಬೆಳ್ಳಗಾಗಿತ್ತು. ಅಂದು ಆಸ್ಪತ್ರೆಯಲ್ಲಿ ಡಾಕ್ಟರು, ಇವತ್ತು ಜಾಗವಿಲ್ಲ, ನಾಳೆ ಬೆಳಿಗ್ಗೆ ತಪ್ಪದೆ ಬನ್ನಿ, ತಡಮಾಡಿದರೆ ಕಣ್ಣು ಹೋಗುತ್ತದೆ ಎಂದಿದ್ದರಂತೆ. ಊರಿಂದ ಆಗಷ್ಟೇ ಬಂದಿದ್ದ ಇವರಿಗೆ ತಿಳಿದದ್ದು ಜಾಗವಿಲ್ಲ, ಹೋಗಿ ಎಂಬುದಷ್ಟೇ. ಡಾಕ್ಟರು ಅಂದದ್ದು ಏನೆಂದು ಕೇಳಿ ಹೇಳುವವರು ಬೇಕೆಂದು ನಮಗೆ ಫೋನು ಮಾಡಿದ್ದರು. ಯಾರೂ ಸಿಗದೆ ಊರಿಗೆ ಮರಳಿದರು. ಆ ಮಾತಿನ ಅರ್ಥ ತಿಳಿದದ್ದು ತಿಂಗಳುಗಳ ನಂತರ, ಇನ್ನೊಬ್ಬ ಡಾಕ್ಟರಿಂದ.

ನಾನು ಬಾಯಿ ತೆರೆಯುವ ಮುಂಚೆಯೇ ಯಲ್ಲಪ್ಪನವರು ಕೈಮುಗಿದರು. "ತಪ್ಪ ತಿಳೀಬ್ಯಾಡ್ರಿ ಸಾಹೇಬ್ರ. ದೊಡ್ಡ ಮಂದಿ ಸಭಾದಾಗ ನಾ ಎದ್ದ ಮಾತಾಡಬಾರದಿತ್ತು."

ಹನುಮವ್ವ ಒಳಗಿನಿಂದ, "ಹೋಗ್ಲಿ ಬಿಡ್ರಿ, ಒಂದ ಕಣ್ಣರ ಉಳದೈತಲ್ಲ" ಎಂದರು.

ಗಾಡಿಯಲ್ಲಿ ಸಿದ್ಧಪಡಿಸಿದ ಯಾವ ವಾಕ್ಯವೂ ನನಗೆ ಒದಗಲಿಲ್ಲ. ಮಹಾರಾಜರು ಚಹಾವನ್ನು ಸದ್ದಿಲ್ಲದೆ ಕುಡಿದರು. ಇಳಿದು ಬರುವಾಗ ದಾರಿಯಲ್ಲಿ ಒಮ್ಮೆ ನಿಂತು, ತಮಗೆ ತಾವೇ ಎಂಬಂತೆ, "ತಪ್ಪ ತಿಳೀಬ್ಯಾಡ್ರಿ" ಎಂದು ಹೇಳಿನೋಡಿದರು. ಪಾತ್ರದ ಮಾತನ್ನು ಬಾಯಿಪಾಠ ಮಾಡುವಾಗಿನ ಠೀವಿ ಅದರಲ್ಲಿರಲಿಲ್ಲ.

ಆಮೇಲಿನ ಶನಿವಾರಗಳಲ್ಲಿ ಅವರು ನಿಜವಾಗಿಯೂ ಆ ಗೇಟಿನಲ್ಲಿ ಕುಳಿತರು. ಕಟ್ಟೆಯ ಮೇಲೆ, ಗಂಟುಮೂಟೆಗಳ ನಡುವೆ. ಕನ್ನಡ ಕಿವಿಗೆ ಬಿದ್ದರೆ ಎದ್ದು ಹೋಗಿ ವಿಚಾರಿಸುವರು, ಒಳಗೆ ಕರೆದೊಯ್ದು ಡಾಕ್ಟರೊಡನೆ ಮಾತಾಡಿಸುವರು. ಉಳಿದ ಹೊತ್ತು ಸುಮ್ಮನೆ ಕೇಳುವರು. ಜೀವಮಾನವಿಡೀ ಇತರರಿಗೆ ಕೇಳಿಸುವಂತೆ ಮಾತಾಡಿದವರು ಅಲ್ಲಿ ಕೇಳುವುದನ್ನು ಕಲಿತರು. "ಬಡವ ಫೋನಲ್ಲಿ ಅಳೋದಿಲ್ಲ ಕಣ್ರೀ" ಎಂದರು ಒಮ್ಮೆ, ಇಡ್ಲಿಯ ತಟ್ಟೆಯನ್ನು ಮುಟ್ಟದೆ. "ಗೋಳಾಡೋದೆಲ್ಲ ನಮ್ಮ ನಾಟಕದಲ್ಲಿ. ಅವನು ಮೊದಲು ಕ್ಷಮೆ ಕೇಳ್ತಾನೆ. ನಿಮಗೆ ತೊಂದ್ರೆ ಕೊಟ್ಟೆ ಅಂತಾನೆ. ಆಮೇಲೆ ಬೇರೆ ಯಾರದೋ ವಿಷಯ ಹೇಳೋ ಹಂಗೆ ತನ್ನ ವಿಷಯ ಹೇಳ್ತಾನೆ. ನಲವತ್ತು ವರ್ಷ ನಾನು ಮಾಡಿದ್ದೆಲ್ಲ ತಪ್ಪು." ಮರುವರ್ಷದ ನಾಟಕದಲ್ಲಿ ರಾಜನ ಪಾತ್ರವನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟರು.

ಒಂದು ಭಾನುವಾರ ಮಧ್ಯಾಹ್ನ. ಫೋನಿನ ಸರದಿ ನನ್ನದು. ಸಂಘದ ಸದಸ್ಯರೊಬ್ಬರ ಮನೆಯ ನಾಮಕರಣದ ಊಟಕ್ಕೆ ಎಲೆ ಹಾಕಿದ್ದಾರೆ, ಬನ್ನಿ ಎಂದು ಹೇಳಿಕಳಿಸಿದ್ದರು. ಏಳುವಷ್ಟರಲ್ಲಿ ಫೋನು ಬಡಿಯಿತು. ನಿಶ್ಶಬ್ದ. "ನಾಣ್ಯ ಹಾಕಿ, ನಾನು ಇಲ್ಲೇ ಇದ್ದೇನೆ" ಎಂದು ಹೊಸ ನಿಯಮದ ಪ್ರಕಾರ ಹೇಳಿದೆ. ಇನ್ನೂ ನಿಶ್ಶಬ್ದ. ಮತ್ತೆ ಹೇಳಿದೆ. ಇಟ್ಟುಬಿಡಲು ಕೈ ಹವಣಿಸುತ್ತಿತ್ತು ಎಂದು ಒಪ್ಪಿಕೊಳ್ಳಬೇಕು. ಕೊನೆಗೆ ಖಣ್ಣೆಂದು ನಾಣ್ಯ ಬಿದ್ದು, ದಣಿದ ಒಂದು ದನಿ ಕೇಳಿಸಿತು.

"ತಪ್ಪ ತಿಳೀಬ್ಯಾಡ್ರಿ ಸಾಹೇಬ್ರ. ಉಣ್ಣೂ ಹೊತ್ತಿನ್ಯಾಗ ತೊಂದ್ರಿ ಕೊಟ್ಟೆ. ನಮ್ಮ ಮಂದಿ ಒಬ್ರು ಒಳಗ ಅದಾರ. ಕಾಗದಕ್ಕ ಹೆಬ್ಬೆಟ್ಟ ಒತ್ತು ಅಂತಾರ. ಏನ್ ಬರದೈತೋ ತಿಳೀವಲ್ದು. ಒತ್ಲೋ ಬ್ಯಾಡೋ?"

"ಒತ್ತಬೇಡಿ. ಗೇಟಿನ ಹತ್ತಿರವೇ ನಿಂತಿರಿ, ನಾನು ಬರುತ್ತೇನೆ" ಎಂದೆ. ಫೋನಿನ ಮುಂದೆ ಇನ್ನೊಬ್ಬರನ್ನು ಕೂರಿಸಿ ಸ್ಟೇಷನ್ನಿಗೆ ಓಡಿದೆ. ಗೋಡೆಯ ಮೇಲೆ ನಂಬರೇ ಇಲ್ಲದಿರುವಾಗ ಈ ಮನುಷ್ಯನಿಗೆ ನಂಬರು ಸಿಕ್ಕಿದ್ದು ಹೇಗೆ ಎಂಬ ಪ್ರಶ್ನೆ ನನ್ನ ತರ್ಕಪಟು ತಲೆಗೆ ಹೊಳೆಯಲಿಲ್ಲ.

ಗೇಟಿನಲ್ಲಿ ಕೆಂಪು ಡಬ್ಬಿಗೆ ಒರಗಿ ಮಹಾರಾಜರು ನಿಂತಿದ್ದರು. ಅದೇ ಬಿಳಿಯ ಷರ್ಟು, ಅದೇ ಕನ್ನಡಕ. ಅವರ ಪಕ್ಕದಲ್ಲಿ ಒಂದು ಡಬ್ಬಿ ಬಣ್ಣ ಮತ್ತು ಕುಂಚ ಹಿಡಿದ ಯಲ್ಲಪ್ಪನವರು.

"ಯಾರೋ ಫೋನ್ ಮಾಡಿದ್ದರು ಸಾರ್, ಹೆಬ್ಬೆಟ್ಟಿನ ವಿಷಯ..." ಎಂದು ಏದುಸಿರು ಬಿಡುತ್ತ ಸುತ್ತಲೂ ನೋಡಿದೆ.

"ತಪ್ಪ ತಿಳೀಬ್ಯಾಡ್ರಿ ಸಾಹೇಬ್ರ" ಎಂದರು ಮಹಾರಾಜರು.

ನನಗೆ ಬಂದದ್ದು ಕೋಪ. ಒಳಗೆ ಯಾವ ಜೀವವೂ ಅಪಾಯದಲ್ಲಿಲ್ಲ ಎಂದು ತಿಳಿದು ಸಮಾಧಾನಪಡುವ ಬದಲು, ಊಟ ಬಿಟ್ಟು ಓಡಿಬಂದೆನಲ್ಲ ಎಂದು ರೇಗಿದೆ. ಇದೆಂಥ ಹುಡುಗಾಟ ಎಂದು, ಯಲ್ಲಪ್ಪನವರ ಎದುರಿನಲ್ಲೇ, ದನಿ ಏರಿಸಿ ಕೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ಬಯ್ರಿ, ಪರವಾಗಿಲ್ಲ. ಬಂದ್ರಲ್ಲ, ನನಗೆ ಅಷ್ಟೇ ಬೇಕಿತ್ತು" ಎಂದರು.

ಯಲ್ಲಪ್ಪನವರು ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಅವರನ್ನೇ ಕೇಳಿದರು: "ಖರೇನ ಎತ್ತತಾರೇನ್ರಿ? ಬರೀಲ್ಯಾ?"

"ನೀವೇ ಹೇಳ್ಬೇಕು. ನಿಮ್ಮ ಫೋನು ತಾನೆ ಅವರು ಇಟ್ಟಿದ್ದು?"

ಯಲ್ಲಪ್ಪನವರು ನನ್ನ ಬೆವರನ್ನು ಕೆಲಹೊತ್ತು ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿ ಮೊದಲ ಅಂಕಿಯನ್ನು ಬರೆದರು. ಅವರಿಗೆ ಓದು ಬಾರದು; ಅಂದು ಗೋಡೆಯ ನಂಬರನ್ನೂ ಯಾರೋ ಓದಿ ತಿರುಗಿಸಿಕೊಟ್ಟಿದ್ದರಂತೆ. ಮಹಾರಾಜರು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದ ಹಾಗೆ ಒಂದೊಂದೇ ಅಂಕಿಯನ್ನು ಚಿತ್ರದಂತೆ ಬಿಡಿಸಿದರು. ನಾನು ಬರೆಸಿದ್ದಕ್ಕಿಂತ ಅದು ದೊಡ್ಡದಾಗಿತ್ತು, ದೂರಕ್ಕೂ ಕಾಣುತ್ತಿತ್ತು.

ಮಹಾರಾಜರ ಕರೆಗಳು ಆಮೇಲೂ ವರ್ಷಗಟ್ಟಲೆ ಬಂದವು. ಯಾವುದು ಅವರದೆಂದು ನಮ್ಮಲ್ಲಿ ಯಾರಿಗೂ ಗುರುತು ಸಿಗುತ್ತಿರಲಿಲ್ಲ. ಆದ್ದರಿಂದ ಪ್ರತಿಯೊಂದನ್ನೂ ಅವರದೇ ಎಂದು ತಿಳಿದು ಎತ್ತುತ್ತಿದ್ದೆವು. ಇದರಲ್ಲಿ ಹೆಮ್ಮೆಪಡುವಂಥದೇನೂ ಇಲ್ಲ. ಅಪರಿಚಿತ ಬಡವನನ್ನು ನಾವು ಗೌರವಿಸಿದ್ದು, ಅವನು ಮಾರುವೇಷದ ಮಹಾರಾಜನಾಗಿರಬಹುದು ಎಂಬ ಅಂಜಿಕೆಯಿಂದ.

ಈಗ ಗಲ್ಲಿಗೊಂದು ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಬಂದಿದೆ. ಕೆಂಪು ಡಬ್ಬಿಗಳು ಒಂದೊಂದಾಗಿ ಕೆಡುತ್ತಿವೆ. ಮಹಾರಾಜರ ಕಾಲು ಸೋತು ಅವರು ಮನೆ ಹಿಡಿದರು, ಆಮೇಲೆ ಹಾಸಿಗೆ ಹಿಡಿದರು. ಕಳೆದ ಭಾನುವಾರ ಸಂಘದ ಸಭಾಂಗಣದಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆಯಿತು. ಕಿರೀಟ ತೊಟ್ಟ ಅವರ ಫೋಟೋಗೆ ಹಾರ ಹಾಕಿದ್ದೆವು. ನಾನು ಮಾತಾಡಿದೆ, ಚೆನ್ನಾಗಿಯೇ ಮಾತಾಡಿದೆನೆಂದು ಹಲವರು ಹೇಳಿದರು. ಬಳಿಕ ಎಲ್ಲರೂ ಎದ್ದು ನಿಂತು ಮೌನ ಆಚರಿಸಿದೆವು.

ಆ ಮೌನದಲ್ಲಿ ಪಕ್ಕದ ಕೋಣೆಯ ಫೋನು ಬಡಿಯತೊಡಗಿತು.

ಯಾರೂ ಅಲುಗಲಿಲ್ಲ. ಅವರಿಗೆಂದು ನಿಂತ ಮೌನವನ್ನು ಮುರಿಯುವುದು ಹೇಗೆ? ಅದು ಬಡಿಯುತ್ತಲೇ ಇತ್ತು. ತಲೆ ತಗ್ಗಿಸಿದ್ದ ವಿಮಲಾ ಕಣ್ಣೆತ್ತಿ ನನ್ನನ್ನು ನೋಡಿದಳು. ನಾನು ಅಧ್ಯಕ್ಷರನ್ನು ನೋಡಿದೆ. ಅಧ್ಯಕ್ಷರು ಕಣ್ಣು ಮುಚ್ಚಿದ್ದರು. ಹಿಂದಿನ ಸಾಲಿನಲ್ಲಿ ಯಲ್ಲಪ್ಪನವರು ಎರಡು ಹೆಜ್ಜೆ ಮುಂದಿಟ್ಟು, ಯಾರೂ ಕದಲದ್ದನ್ನು ಕಂಡು ಹಾಗೇ ನಿಂತರು. ಅವರು ನಿಂತದ್ದನ್ನು ನೋಡಿ ನಾನು ಓಡಿದೆ. ಕೈ ತಾಗುವಷ್ಟರಲ್ಲಿ ಫೋನು ನಿಂತುಹೋಯಿತು. ಆ ಕಡೆ ಯಾರಿದ್ದರೆಂದು ನಮಗೆ ತಿಳಿಯುವ ಬಗೆಯಿಲ್ಲ. ಈ ಸಲ ಅದು ಮಹಾರಾಜರಲ್ಲ ಎಂಬುದೊಂದು ಮಾತ್ರ ನಿಶ್ಚಯ.

ಆದ್ದರಿಂದ ಓದುಗರಲ್ಲಿ ಒಂದು ಬೇಡಿಕೆ. ನೀವು ಯಾವುದಾದರೂ ಸಂಘವನ್ನೋ ಶಾಲೆಯನ್ನೋ ದವಾಖಾನೆಯನ್ನೋ ನಡೆಸುವವರಾಗಿದ್ದರೆ, ನಾಳೆ ನಿಮ್ಮ ಮನೆಯ ಫೋನನ್ನು ಬಿಟ್ಟು, ನಿಮ್ಮಲ್ಲಿಗೆ ಬರುವ ಅತ್ಯಂತ ಬಡವರು ಬಳಸುವ ಫೋನಿನ ಮುಂದೆ ಹೋಗಿ ನಿಲ್ಲಿ. ನಿಮ್ಮದೇ ಸಂಸ್ಥೆಯ ನಂಬರನ್ನು ತಿರುಗಿಸಿ. ನಿಮ್ಮ ಹೆಸರು ಹೇಳಬೇಡಿ. ಯಾರಾದರೂ ಎತ್ತುವವರೆಗೂ ಕಾಯಿರಿ.